ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಔಲುವಿಗೆ ಹೋಗಬಹುದೇ? ಅನುಭವ ಇದ್ದವರು ಹೇಳಿ

ಬೆಂಗಳೂರಿನಿಂದ, ಕೇಳಿದವರು

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಫಿನ್ಲೆಂಡಿನ ಉತ್ತರಕ್ಕಿರುವ ಔಲು ಊರಿನಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಇನ್ನೂ ವರ್ಷ ತುಂಬಿಲ್ಲ. ಈಗ ನಾವಿರುವುದು ಹೊರವರ್ತುಲ ರಸ್ತೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ. ಇವರು ಬೆಳಿಗ್ಗೆ ಹೊರಡುವಾಗ ಮಕ್ಕಳು ಎದ್ದಿರುವುದಿಲ್ಲ, ರಾತ್ರಿ ಬರುವಾಗ ಮಲಗಿರುತ್ತಾರೆ. ಮಗಳು ಅಪ್ಪನನ್ನು ನೋಡುವುದು ಭಾನುವಾರ ಮಾತ್ರ. ಕಾಡು, ನದಿ, ಒಂದಿಷ್ಟು ಸದ್ದಿಲ್ಲದ ಜಾಗ, ನಾಲ್ವರೂ ಒಟ್ಟಿಗೆ ಕೂತು ಉಣ್ಣುವುದು ಇಷ್ಟು ಸಿಕ್ಕರೆ ಸಾಕು ಅನ್ನಿಸಿಬಿಟ್ಟಿದೆ. ಆದರೆ ಅಲ್ಲಿನ ಚಳಿಗಾಲದ ಕತ್ತಲೆ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ನಾನು ಕೆಲಸ ಬಿಟ್ಟು ಬರಬೇಕು. ನಾವು ಸಸ್ಯಾಹಾರಿಗಳು. ಅತ್ತೆ ಆಗಾಗ ಬಂದು ಇರಬೇಕು ಅನ್ನುವ ಆಸೆಯೂ ಇದೆ. ಅಂಥ ದೂರದ ಊರುಗಳಲ್ಲಿ ಸಂಸಾರ ಮಾಡಿದವರು ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೆಮ್ಮದಿ ಸಿಕ್ಕಿತೇ?

ಔಲುವಿನಿಂದ

ತಂಗಿ, ನಾನು ಹಾಸನದ ಕಡೆಯವಳು. ಇಲ್ಲಿ ಹಲವು ಚಳಿಗಾಲ ಕಳೆದಿದ್ದೇವೆ, ಎರಡನೇ ಮಗು ಹುಟ್ಟಿದ್ದೂ ಇಲ್ಲೇ. ಈ ಊರಲ್ಲಿ ನೋಕಿಯಾದ ದೆಸೆಯಿಂದ ಮೊದಲಿನಿಂದಲೂ ಭಾರತದವರಿದ್ದಾರೆ, ಹಾಗಾಗಿ ಪೂರ್ತಿ ಒಂಟಿಯಾಗುತ್ತೀರಿ ಅಂತ ಹೆದರಬೇಡಿ.

ನೆಮ್ಮದಿ ಸಿಕ್ಕಿದೆ. ಅದು ನಮಗೆ ಮೊದಲು ಸಿಕ್ಕಿದ್ದು ಕಾಡಿನಲ್ಲಲ್ಲ, ಸಂಜೆ ನಾಲ್ಕು ಗಂಟೆಯಲ್ಲಿ. ಆ ಹೊತ್ತಿಗೆ ಆಫೀಸು ಖಾಲಿಯಾಗುತ್ತದೆ. ಡೇಕೇರಿನಿಂದ ಮಗುವನ್ನು ಕರೆತರಬೇಕು ಅಂತ ಮ್ಯಾನೇಜರೇ ಮೀಟಿಂಗ್ ಬಿಟ್ಟು ಏಳುತ್ತಾರೆ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಹತ್ತು ವರ್ಷದೊಳಗಿನ ಮಗುವಿಗೆ ಇದ್ದಕ್ಕಿದ್ದಂತೆ ಜ್ವರ ಬಂದರೆ ಒಂದು ಸಲಕ್ಕೆ ನಾಲ್ಕು ದಿನದವರೆಗೆ ಮನೆಯಲ್ಲಿರಲು ಕಾನೂನೇ ಅವಕಾಶ ಕೊಟ್ಟಿದೆ. 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಹುಟ್ಟಿದ ಮಗುವಿಗಾಗಿ ಭತ್ಯೆ ಸಿಗುವ ಪೋಷಕ ರಜೆ ಒಟ್ಟು 320 ದಿನ. ಅಪ್ಪನಿಗೆ 160, ಅಮ್ಮನಿಗೆ 160. ಒಬ್ಬರು ಇನ್ನೊಬ್ಬರಿಗೆ 63 ದಿನದವರೆಗೆ ಬಿಟ್ಟುಕೊಡಬಹುದು, ಉಳಿದದ್ದನ್ನು ಅವರೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಕಳೆದುಹೋಗುತ್ತದೆ. ನಮ್ಮ ಮನೆಯವರು ಹಾಗೆ ರಜೆ ಹಾಕಿ ಎರಡನೆಯವನನ್ನು ನೋಡಿಕೊಂಡರು. ರಾಗಿ ಸರಿ ಕಲಸುವುದರಿಂದ ಹಿಡಿದು ತೊಟ್ಟಿಲು ತೂಗುವವರೆಗೆ ಎಲ್ಲ ಅವರದೇ. ಇವತ್ತಿಗೂ ಅವನು ಬಿದ್ದು ಅತ್ತರೆ ಮೊದಲು ಕರೆಯುವುದು ಅಪ್ಪನನ್ನೇ. ನಿಮ್ಮ ಭಾನುವಾರದ ಮಾತು ಓದಿ ಇದನ್ನು ಮೊದಲು ಹೇಳಬೇಕು ಅನ್ನಿಸಿತು.

ಇನ್ನು ಕತ್ತಲೆ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಹುಟ್ಟಿ ಮಧ್ಯಾಹ್ನ ಎರಡರ ಸುಮಾರಿಗೆ ಮುಳುಗುತ್ತಾನೆ. ಇರುವ ಆ ಮೂರೂವರೆ ಗಂಟೆಯೂ ಮೋಡ ಕವಿದಿದ್ದರೆ ಮಬ್ಬೋ ಮಬ್ಬು. ಎಲ್ಲಕ್ಕಿಂತ ಕಷ್ಟದ್ದು ನವೆಂಬರ್, ಯಾಕೆಂದರೆ ಆಗ ಕತ್ತಲೆ ಬಂದಿರುತ್ತದೆ, ಹಿಮ ಇನ್ನೂ ನಿಂತಿರುವುದಿಲ್ಲ. ನೆಲ ಬೆಳ್ಳಗಾದ ಮೇಲೆ ಬೀದಿದೀಪದ ಬೆಳಕೇ ಎರಡರಷ್ಟಾಗುತ್ತದೆ. ಆ ಒಂದು ತಿಂಗಳಿಗೆ ಮುಂಚಿತವಾಗಿಯೇ ಏನಾದರೂ ಯೋಜನೆ ಹಾಕಿಕೊಂಡಿರಿ. ದೀಪಾವಳಿ ಸರಿಸುಮಾರು ಆಗಲೇ ಬರುವುದರಿಂದ ನಾವು ಕನ್ನಡದ ಮನೆಗಳೆಲ್ಲ ಸೇರಿ ವಾರಕ್ಕೊಂದು ಮನೆಯಂತೆ ಊಟ ಇಟ್ಟುಕೊಳ್ಳುತ್ತೇವೆ. ಬೆಳಗಿನ ಕಾಫಿಯ ಹೊತ್ತಿಗೆ ಪ್ರಖರ ಬೆಳಕಿನ ದೀಪದ ಮುಂದೆ ಅರ್ಧ ಗಂಟೆ ಕೂರುವುದು ಇಲ್ಲಿ ಮಾಮೂಲು, ನನಗೆ ಅದರಿಂದ ಗುಣ ಕಂಡಿದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಹಗಲಿರುವಾಗ ದಿನಾ ಹೊರಗೆ ಹೋಗುವುದು. ಮನಸ್ಸಿದ್ದರೂ ಹೋಗಬೇಕು, ಇಲ್ಲದಿದ್ದರೂ ಹೋಗಬೇಕು. ಡೇಕೇರಿನಲ್ಲಿ ಮಕ್ಕಳನ್ನು ತೀರಾ ಕೊರೆಯುವ ಚಳಿ ಇಲ್ಲದಿದ್ದರೆ ದಿನಾ ಆಚೆ ಆಡಿಸುತ್ತಾರೆ. ಎಳೆ ಕೂಸುಗಳು ತಳ್ಳುಗಾಡಿಯಲ್ಲಿ ಹೊದ್ದುಕೊಂಡು ಆಚೆಯೇ ಮಧ್ಯಾಹ್ನದ ನಿದ್ದೆ ಮಾಡುತ್ತವೆ. ಹಿಮದಲ್ಲೂ ಮಕ್ಕಳು ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಊರಿದು.

ಬಟ್ಟೆಯ ವಿಷಯದಲ್ಲಿ ಜಿಪುಣತನ ಬೇಡ. ಮೈಗೆ ತಾಗುವ ಪದರ ಉಣ್ಣೆಯದಿರಲಿ. ಹತ್ತಿ ಬನೀನು ಬೆವರು ಕುಡಿದು ತಣ್ಣಗೆ ಮೈಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಹೊರಬಟ್ಟೆ. ಮಕ್ಕಳಿಗೆ ತಲೆಯಿಂದ ಕಾಲಿನವರೆಗಿನ ಒಂದೇ ಉಡುಪು ಸಿಗುತ್ತದೆ, ಇಲ್ಲಿ ಹಾಲರಿ ಅನ್ನುತ್ತಾರೆ. ಜಾಕೆಟ್ಟಿಗೆ ಪ್ರತಿಫಲಕ ನೇತುಹಾಕುವುದನ್ನು ಮರೆಯಬೇಡಿ, ಕತ್ತಲಲ್ಲಿ ಕಾರಿನವರಿಗೆ ನೀವು ಕಾಣುವುದು ಅದರಿಂದಲೇ. ವಿಟಮಿನ್ ಡಿ ಬಗ್ಗೆ ನೆಉವೊಲಾ ಅನ್ನುವ ತಾಯಿ-ಮಗು ಆರೋಗ್ಯ ಕೇಂದ್ರದಲ್ಲಿ ಹೇಳುತ್ತಾರೆ. ಎರಡರಿಂದ ಹದಿನೇಳು ವರ್ಷದ ಮಕ್ಕಳಿಗೆ ಇಲ್ಲಿ ವರ್ಷಪೂರ್ತಿ ದಿನಕ್ಕೆ 7.5 ಮೈಕ್ರೊಗ್ರಾಂ ಕೊಡಿ ಅನ್ನುತ್ತಾರೆ. ಹಾಲಿಗೂ ಸೇರಿಸಿರುತ್ತಾರೆ. ನಮ್ಮ ಚರ್ಮದ ಬಣ್ಣಕ್ಕೆ ಇಷ್ಟು ಬಿಸಿಲು ಸಾಲುವುದಿಲ್ಲ, ಆದ್ದರಿಂದ ದೊಡ್ಡವರೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡು ವೈದ್ಯರು ಹೇಳಿದಷ್ಟು ತೆಗೆದುಕೊಳ್ಳುವುದು ಒಳ್ಳೆಯದು. ಮಾತ್ರೆ ಯಾವುದರಿಂದ ಮಾಡಿದ್ದು ಅಂತ ಓದಿ ಕೊಳ್ಳಿ. ಕೆಲವು ಮೀನೆಣ್ಣೆಯವು, ಕೆಲವು ಕುರಿಯುಣ್ಣೆಯ ಜಿಡ್ಡಿನಿಂದ ಬಂದವು. ಕಲ್ಲುಹೂವಿನ ಜಾತಿಯಿಂದ ತೆಗೆದದ್ದೂ ಸಿಗುತ್ತದೆ. ಊಟಕ್ಕೆ ತೊಂದರೆಯಿಲ್ಲ. ಅಕ್ಕಿ, ಬೇಳೆ, ತೆಂಗಿನತುರಿ ಎಲ್ಲ ಸಿಗುತ್ತದೆ. ಇಡ್ಲಿ ಹಿಟ್ಟು ಮಾತ್ರ ಹುದುಗದೆ ಸತಾಯಿಸುತ್ತದೆ. ಓವನ್ನಿನ ಒಳದೀಪ ಹಾಕಿ, ಬಿಸಿ ಮಾಡದೆ, ರಾತ್ರಿಯಿಡೀ ಪಾತ್ರೆ ಅದರೊಳಗಿಡಿ.

ನೀವು ಬಯಸಿದ ಕಾಡಿನ ಮಾತಿಗೆ ಬರುತ್ತೇನೆ. ಇಲ್ಲಿ ಯಾರ ಕಾಡೇ ಆಗಲಿ, ಯಾರು ಬೇಕಾದರೂ ನಡೆಯಬಹುದು, ಹಣ್ಣು ಅಣಬೆ ಕೀಳಬಹುದು. ಮನೆಯಂಗಳ ಮತ್ತು ಬೆಳೆ ಇರುವ ಹೊಲ ಬಿಟ್ಟು. ಬೆಂಕಿ ಹಾಕಲು ಮಾತ್ರ ಜಮೀನಿನ ಒಡೆಯರ ಒಪ್ಪಿಗೆ ಬೇಕು, ಇಲ್ಲವೇ ಅದಕ್ಕೆಂದೇ ಇರುವ ಜಾಗಕ್ಕೆ ಹೋಗಬೇಕು. ಔಲುವಿನಿಂದ ಕಾರಿನಲ್ಲಿ ಅರ್ಧ ಗಂಟೆ ದೂರದಲ್ಲಿ ಕೊಯ್ಟೆಲಿ ಅನ್ನುವ ಜಾಗವಿದೆ. ಕೀಮಿಂಕಿ ನದಿ ಅಲ್ಲಿ ಬಂಡೆಗಳ ನಡುವೆ ಕವಲೊಡೆದು ಧುಮುಕುತ್ತದೆ, ಕವಲುಗಳ ಮಧ್ಯೆ ಪುಟ್ಟ ನಡುಗಡ್ಡೆಗಳು, ದಾಟಲು ಸೇತುವೆಗಳು. ಶನಿವಾರ ಬಂದರೆ ನಾವು ಹೆಚ್ಚಾಗಿ ಅಲ್ಲೇ. ಬೆಂಕಿ ಹೊತ್ತಿಸುವುದು ಈಗ ಮಗಳ ಕೆಲಸ. ಸೌದೆಗೆ ಅಂಟಿಕೊಂಡಿರುವ ಬರ್ಚ್ ತೊಗಟೆಯನ್ನು ಉಗುರಿನಿಂದ ಎಬ್ಬಿಸಿ ಕಾಗದದ ಹಾಗೆ ಎಳೆಯುತ್ತಾಳೆ. ಒದ್ದೆಯಾಗಿದ್ದರೂ ಅದು ಕಡ್ಡಿ ಗೀರಿದ ಕೂಡಲೇ ಚಟಚಟ ಹತ್ತಿಕೊಳ್ಳುತ್ತದೆ, ಕಪ್ಪು ಹೊಗೆ ಬರುತ್ತದೆ. ಅದರ ಮೇಲೆ ಸಣ್ಣ ಸೀಳು, ಆಮೇಲೆ ದೊಡ್ಡ ಸೀಳು. ಜೀವಂತ ಮರದ ತೊಗಟೆ ಸುಲಿಯಬಾರದು ಅಂತ ತಮ್ಮನಿಗೆ ಪಾಠ ಬೇರೆ ಹೇಳುತ್ತಾಳೆ. ಇಲ್ಲಿಯವರು ಸಾಸೇಜು ಸುಟ್ಟುಕೊಳ್ಳುತ್ತಾರೆ, ನಾವು ಮುಸುಕಿನ ಜೋಳ, ಪನೀರು. ಫ್ಲಾಸ್ಕಿನಲ್ಲಿ ಸಾರು. ಫೋನನ್ನು ಕಾರಿನಲ್ಲೇ ಬಿಟ್ಟು ಬರಬೇಕು ಅನ್ನುವುದು ಮನೆಯವರು ಮಾಡಿದ ನಿಯಮ. ಚಳಿಗೆ ಅದರ ಬ್ಯಾಟರಿಯೂ ನಿಲ್ಲುವುದಿಲ್ಲ ಅನ್ನಿ. ಎರಡು ಮೂರು ಗಂಟೆ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಮಕ್ಕಳು ಬೇಸರ ಅಂತ ಒಂದು ಸಲವೂ ಅಂದಿಲ್ಲ.

ಜುಲೈ ಕೊನೆಗೆ ಜೌಗಿನಲ್ಲಿ ಹಳದಿ ಬಣ್ಣದ ಲಕ್ಕ ಹಣ್ಣು, ಅದರ ಹಿಂದೆಯೇ ಕಾಡಿನ ಬ್ಲೂಬೆರಿ, ಸೆಪ್ಟೆಂಬರ್‌ನಲ್ಲಿ ಕೆಂಪು ಲಿಂಗನ್ ಹಣ್ಣು. ಸೊಳ್ಳೆ ಮಾತ್ರ ವಿಪರೀತ, ಜೂನ್ ಜುಲೈನಲ್ಲಿ ತಲೆಗೆ ಬಲೆ ಹಾಕಿಕೊಂಡೇ ಹೋಗಿ. ಲಿಂಗನ್ ಹುಳಿ-ಒಗರು, ಬೆಲ್ಲ ಹಾಕಿ ಸಾಸಿವೆ ಇಂಗು ಒಗ್ಗರಣೆ ಕೊಟ್ಟರೆ ಒಳ್ಳೆಯ ಗೊಜ್ಜಾಗುತ್ತದೆ. ನಮ್ಮಮ್ಮ ಬಂದಾಗ ಮಾಡಿಟ್ಟು ಹೋದದ್ದು ಚಳಿಗಾಲವೆಲ್ಲ ಬಂತು.

ನಾರ್ವೆಯ ಟ್ರೋಮ್ಸೊದಿಂದ

ಮೇಡಂ, ಔಲು ಅಕ್ಕ ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ನಾವಿರುವುದು ಆರ್ಕ್ಟಿಕ್ ವೃತ್ತದಿಂದಲೂ ಬಹಳ ಮೇಲೆ. ಸುತ್ತ ಬೆಟ್ಟ ಇರುವುದರಿಂದ ನವೆಂಬರ್ ಕೊನೆಯ ಭಾಗದಿಂದ ಜನವರಿ 21ರ ಹತ್ತಿರದವರೆಗೆ ಊರಿಗೆ ಸೂರ್ಯನ ಮುಖವೇ ಕಾಣುವುದಿಲ್ಲ. ಹಾಗಂತ ಅದು ಇಪ್ಪತ್ನಾಲ್ಕು ಗಂಟೆಯೂ ಕಾರ್ಗತ್ತಲೆಯಲ್ಲ. ಮಧ್ಯಾಹ್ನದ ಆಸುಪಾಸು ಕೆಲವು ಗಂಟೆ ಆಕಾಶ ನೀಲಿ, ದಕ್ಷಿಣದ ಅಂಚು ಗುಲಾಬಿ, ಹಿಮವೂ ಅದೇ ಬಣ್ಣಕ್ಕೆ ತಿರುಗುತ್ತದೆ. ಸೂರ್ಯ ಮರಳಿ ಬಂದ ದಿನ ಶಾಲೆಗಳಲ್ಲಿ ಮಕ್ಕಳಿಗೆ ಸಂಭ್ರಮ, ಊರೆಲ್ಲ ಆ ದಿನಕ್ಕೆಂದೇ ಮಾಡಿದ ಸಿಹಿ ಬನ್ನು ತಿನ್ನುತ್ತದೆ. ನಮ್ಮ ಮಕ್ಕಳಿಗೆ ಅದು ಯುಗಾದಿಯಷ್ಟೇ ದೊಡ್ಡ ಹಬ್ಬ. ಸಮುದ್ರದಲ್ಲಿ ಬಿಸಿ ಪ್ರವಾಹ ಹರಿಯುವುದರಿಂದ ಇಷ್ಟು ಉತ್ತರವಾದರೂ ಚಳಿ ಔಲುವಿಗಿಂತ ಕಡಿಮೆಯೇ. ಬಂದರು ಹೆಪ್ಪುಗಟ್ಟುವುದಿಲ್ಲ.

ಕಾರಿ ಲೈಬೊವಿಟ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆ ಇಲ್ಲಿಗೆ ಬಂದು, ಚಳಿಗಾಲವನ್ನು ಜನ ಹೇಗೆ ನೋಡುತ್ತಾರೆ ಅಂತ ಇಲ್ಲಿನ ಸಂಶೋಧಕರೊಬ್ಬರ ಜೊತೆ ಅಧ್ಯಯನ ಮಾಡಿದರು. ಅದು 2020ರಲ್ಲಿ ಪ್ರಕಟವಾಯಿತು. ಉತ್ತರಕ್ಕೆ ಹೋದಷ್ಟೂ ಜನ ಚಳಿಗಾಲವನ್ನು ಹೆಚ್ಚು ಒಲವಿನಿಂದ ನೋಡುತ್ತಾರೆ, ಹಾಗೆ ನೋಡುವವರ ಮನಸ್ಸು ಹೆಚ್ಚು ಚೆನ್ನಾಗಿರುತ್ತದೆ ಅನ್ನುವುದು ಅದರಲ್ಲಿ ಕಂಡುಬಂದ ಸಂಗತಿ. ಇದನ್ನು ನಾನು ನೆರೆಯವರಲ್ಲಿ ದಿನಾ ನೋಡುತ್ತೇನೆ. ನವೆಂಬರ್ ಬಂತು ಅಂದರೆ ಅವರು ಮೇಣದ ಬತ್ತಿ ತಂದಿಡುತ್ತಾರೆ, ಸ್ಕೀ ಕೆಳಗಿಳಿಸುತ್ತಾರೆ, ಯಾರು ಯಾರನ್ನು ಊಟಕ್ಕೆ ಕರೆಯುವುದು ಅಂತ ಮಾತಾಡಿಕೊಳ್ಳುತ್ತಾರೆ. ಅಯ್ಯೋ ಬಂತಲ್ಲ ಅನ್ನುವವರು ಕಡಿಮೆ. ಖಿನ್ನತೆಯ ಲಕ್ಷಣ ನಿಜವಾಗಿ ಇರುವವರು ಮಾತ್ರ ಇದೆಲ್ಲ ಮನಸ್ಸಿನ ಮಾತು ಅಂತ ಸುಮ್ಮನಿರದೆ ವೈದ್ಯರ ಹತ್ತಿರ ಹೋಗಲೇಬೇಕು.

ಸಂಸಾರಕ್ಕೆ ನಾನು ಕಂಡ ಅತ್ಯುತ್ತಮ ಜಾಗ ಇಲ್ಲಿನ ಬೆಟ್ಟದ ಗುಡಿಸಲುಗಳು. 1868ರಲ್ಲಿ ಹುಟ್ಟಿದ ನಾರ್ವೆಯ ಚಾರಣ ಸಂಘಕ್ಕೆ ದೇಶದಾದ್ಯಂತ ಐನೂರಕ್ಕೂ ಹೆಚ್ಚು ಗುಡಿಸಲುಗಳಿವೆ. ಸದಸ್ಯರಾದರೆ ಒಂದು ಬೀಗದ ಕೈ ಸಿಗುತ್ತದೆ, ಬೀಗ ಹಾಕಿರುವ ಗುಡಿಸಲುಗಳಲ್ಲಿ ಹೆಚ್ಚಿನವು ಅದರಿಂದಲೇ ತೆರೆಯುತ್ತವೆ. ಕಾವಲುಗಾರರಿಲ್ಲ, ತಂಗಿದ್ದಕ್ಕೆ ನೀವೇ ಲೆಕ್ಕ ಬರೆದು ಹಣ ಕಟ್ಟುವುದು. ಹೊಳೆಯಿಂದ ನೀರು ತರಬೇಕು, ಸೌದೆ ಒಡೆಯಬೇಕು, ಶೌಚಾಲಯ ಆಚೆ. ಹೊರಡುವ ಮುನ್ನ ಗುಡಿಸಿ, ಮುಂದಿನವರಿಗೆ ಸೌದೆ ಜೋಡಿಸಿಟ್ಟು ಬರಬೇಕು. ಹದಿಮೂರರ ಮಗ ಮನೆಯಲ್ಲಿ ನಾಲ್ಕು ಮಾತಾಡುವುದಿಲ್ಲ, ಅಲ್ಲಿ ಒಲೆ ಮುಂದೆ ಕೂತು ತಾನಾಗಿಯೇ ಶಾಲೆಯ ಸುದ್ದಿ ತೆಗೆಯುತ್ತಾನೆ. ಚಳಿಗಾಲದಲ್ಲಿ ಬೆಟ್ಟಕ್ಕೆ ಹೋಗುವುದಾದರೆ ಹಿಮಕುಸಿತದ ಮುನ್ಸೂಚನೆ ನೋಡದೆ ಹೆಜ್ಜೆ ಇಡಬೇಡಿ.

ಇನ್ನೊಂದು ಮಾತು ನನಗೆ ಮುಖ್ಯ. ನಕ್ಷೆಯಲ್ಲಿ ಖಾಲಿ ಕಂಡರೂ ಈ ಉತ್ತರ ಖಾಲಿ ನೆಲವಲ್ಲ. ಇದು ಹಿಮಸಾರಂಗ ಸಾಕುವ ಮೂಲನಿವಾಸಿಗಳಾದ ಸಾಮಿ ಜನರ ಮನೆ. ಹಿಮಸಾರಂಗ ಮೇಯುತ್ತಿದ್ದರೆ ದೂರದಲ್ಲಿ ಸುಮ್ಮನೆ ನಿಲ್ಲಬೇಕು. ಫೋಟೋ ಆಸೆಗೆ ಹತ್ತಿರ ಹೋದರೆ ಅವು ಓಡುತ್ತವೆ, ಮೇವಿಲ್ಲದ ಕಾಲದಲ್ಲಿ ಆ ಓಟ ಅವಕ್ಕೆ ತುಂಬಾ ದುಬಾರಿ. ಫೆಬ್ರವರಿ 6 ಅವರ ರಾಷ್ಟ್ರೀಯ ದಿನ, 1917ರಲ್ಲಿ ಅವರ ಮೊದಲ ಮಹಾಸಭೆ ಸೇರಿದ ದಿನ ಅದು. ಆ ವಾರ ಟ್ರೋಮ್ಸೊದ ಮುಖ್ಯ ಬೀದಿಯಲ್ಲೇ ಸಾರಂಗಗಳ ಓಟ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಮಾತು ಕೇಳಿಸಿ.

ಉತ್ತರ ಸ್ವೀಡನ್ನಿನಲ್ಲಿದ್ದು ಈಗ ದಕ್ಷಿಣಕ್ಕೆ ಬಂದವರಿಂದ

ಎಲ್ಲರೂ ಚೆನ್ನಾಗಿರುವುದನ್ನೇ ಬರೆದಿದ್ದಾರೆ, ಅದು ಸುಳ್ಳಲ್ಲ. ನಾನು ಇನ್ನೊಂದು ಕಡೆ ಹೇಳುತ್ತೇನೆ. ನಾವಿದ್ದ ಊರಿನಲ್ಲಿ ಕೆಲಸ ಕೊಡುವ ದೊಡ್ಡ ಜಾಗ ಒಂದೇ. ಅದು ನಿಂತಾಗ ಊರಲ್ಲಿ ಬೇರೆ ಬಾಗಿಲು ಇರಲಿಲ್ಲ. ಸ್ವೀಡನ್ನಿನಲ್ಲಿ ಕೆಲಸದ ಪರವಾನಗಿ ಇದ್ದವರಿಗೆ ಆಗ ಹೊಸ ಕೆಲಸ ಹುಡುಕಲು ಮೂರು ತಿಂಗಳು ಸಮಯ. ಮಕ್ಕಳು ಸ್ಕೇಟಿಂಗ್ ಕಲಿತು, ಗೆಳೆಯರನ್ನು ಮಾಡಿಕೊಂಡು, ಆ ಭಾಷೆಯಲ್ಲೇ ಜಗಳವಾಡುವಷ್ಟು ಒಗ್ಗಿದ್ದರು. ಪೆಟ್ಟಿಗೆ ಕಟ್ಟಿದೆವು. ಫಿನ್ಲೆಂಡಿನ ನಿಯಮ ನಿಮ್ಮ ಪರವಾನಗಿಗೆ ಏನು ಹೇಳುತ್ತದೆ ಅಂತ ಸಹಿ ಹಾಕುವ ಮೊದಲೇ ಓದಿಕೊಳ್ಳಿ. ಆರು ತಿಂಗಳ ಖರ್ಚು ಕೈಯಲ್ಲಿರಲಿ.

ಎರಡನೆಯದು ನಿಮ್ಮ ಕೆಲಸ. ಗಂಡನಿಗೆ ಆಫೀಸು, ಮಕ್ಕಳಿಗೆ ಡೇಕೇರು, ಇಬ್ಬರಿಗೂ ದಿನಾ ಮಾತಾಡುವ ಜನ ಇರುತ್ತಾರೆ. ಮನೆಯಲ್ಲಿ ಉಳಿದವರಿಗೆ ಕಿಟಕಿ. ನನ್ನ ಹೆಂಡತಿ ಮೊದಲ ಚಳಿಗಾಲ ಹಾಗೆ ಕಳೆದಳು. ಭಾಷೆಯ ತರಗತಿ ಸೇರಿದ ಮೇಲೆ ಅವಳ ದನಿಯೇ ಬದಲಾಯಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ ತಾನೇ ಮಾತಾಡಿಸತೊಡಗಿದಳು. ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತದೆ ಅನ್ನುವುದು ನಿಜವೇ, ಆದರೆ ಗೆಳೆತನ ನಡೆಯುವುದಿಲ್ಲ. ಅಲ್ಲಿಗೆ ಕಾಲಿಟ್ಟ ತಿಂಗಳಿನಿಂದಲೇ ತರಗತಿಗೆ ಸೇರಿ, ಮಕ್ಕಳು ದೊಡ್ಡವರಾಗಲಿ ಅಂತ ಕಾಯಬೇಡಿ.

ಇಷ್ಟಾದರೂ, ಮತ್ತೆ ಉತ್ತರದಲ್ಲಿ ಗಟ್ಟಿ ಕೆಲಸ ಸಿಕ್ಕರೆ ನಾವು ಹೋಗುತ್ತೇವೆ. ಮಕ್ಕಳು ಈಗಲೂ ಅದನ್ನೇ ಕೇಳುತ್ತಾರೆ.

ತೀರ್ಥಹಳ್ಳಿ ಕಡೆಯಿಂದ, ಲೂಲಿಯೋದಲ್ಲಿ ಮಗಳ ಮನೆ

ಮಗಳೇ, ನಿನ್ನ ಅತ್ತೆಯ ವಿಚಾರ ಬರೆದಿದ್ದೀಯಲ್ಲ, ಅದಕ್ಕೆ ನಾನು ಬರೆಯಬೇಕು. ನಾನು ನಿವೃತ್ತ ಶಿಕ್ಷಕಿ. ಸ್ವೀಡನ್ನಿನ ಲೂಲಿಯೋದಲ್ಲಿರುವ ಮಗಳ ಮನೆಗೆ ಹೋಗಿಬರುತ್ತೇನೆ. ಪ್ರವಾಸಿ ವೀಸಾದಲ್ಲಿ ನೂರ ಎಂಬತ್ತು ದಿನಕ್ಕೆ ತೊಂಬತ್ತು ದಿನ ಮಾತ್ರ ಇರಬಹುದು, ಹಾಗಾಗಿ ಯಾವ ತೊಂಬತ್ತು ಅಂತ ನೋಡಿ ಆರಿಸಬೇಕು. ನನ್ನ ಓಟು ಫೆಬ್ರವರಿ ಕೊನೆಗೆ. ಹಗಲು ದಿನದಿನಕ್ಕೆ ಉದ್ದವಾಗುತ್ತಾ ಹೋಗುತ್ತದೆ, ಹಿಮವೂ ಇರುತ್ತದೆ, ಬಿಸಿಲೂ ಇರುತ್ತದೆ.

ಅಲ್ಲಿ ಊರಿನ ಪಕ್ಕದ ಸಮುದ್ರ ಹೆಪ್ಪುಗಟ್ಟಿದ ಮೇಲೆ ನಗರಸಭೆಯವರೇ ಮಂಜುಗಡ್ಡೆಯ ಮೇಲೆ ಹಿಮ ಗೋರಿ ದಾರಿ ಮಾಡುತ್ತಾರೆ. ಒಂದು ಪುಟ್ಟ ದ್ವೀಪದವರೆಗೂ ಹೋಗುತ್ತದೆ. ಸ್ಪಾರ್ಕ್ ಅಂತ ಒಂದು ಗಾಡಿ. ಉದ್ದನೆಯ ಎರಡು ಕಬ್ಬಿಣದ ಪಟ್ಟಿಯ ಮೇಲೆ ಒಂದು ಕುರ್ಚಿ, ಹಿಂದೆ ನಿಂತವರು ಒಂದು ಕಾಲು ಪಟ್ಟಿಯ ಮೇಲಿಟ್ಟು ಇನ್ನೊಂದು ಕಾಲಿನಿಂದ ನೆಲ ಒದೆಯುತ್ತಾ ಹೋಗುವುದು. ನನ್ನನ್ನು ಕೂರಿಸಿ ಮೊಮ್ಮಗಳು ತಳ್ಳುತ್ತಾಳೆ, ಆಮೇಲೆ ಅವಳನ್ನು ಕೂರಿಸಿ ನಾನು. ನನಗಿಂತ ವಯಸ್ಸಾದ ಹೆಂಗಸರು ಅದರಲ್ಲಿ ಸಂತೆ ಸಾಮಾನು ಇಟ್ಟುಕೊಂಡು ಸರಾಗ ಹೋಗುತ್ತಿರುತ್ತಾರೆ. ಬೂಟಿಗೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿ ಇಲ್ಲದೆ ನಿನ್ನ ಅತ್ತೆಯನ್ನು ಹೊರಗೆ ಬಿಡಬೇಡ, ಜಾರಿ ಬಿದ್ದರೆ ಸೊಂಟ ಹೋಗುತ್ತದೆ. ಪ್ರಯಾಣ ವಿಮೆ ಮಾಡಿಸಿಯೇ ಬಾ ಅನ್ನು.

ನನಗೆ ಕತ್ತಲೆ, ಮನೆಯೊಳಗಿನ ವಾಸ ಹೊಸದೆನ್ನಿಸಲಿಲ್ಲ. ಆಗುಂಬೆ ಸೀಮೆಯಲ್ಲಿ ಹುಟ್ಟಿದವರಿಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿದರೆ ಹೀಗೆಯೇ. ಬೇಸಿಗೆಯಲ್ಲೇ ಹಪ್ಪಳ ಸಂಡಿಗೆ, ಸೌದೆ ಎಲ್ಲ ಕೂಡಿಟ್ಟುಕೊಂಡು ಒಲೆ ಮುಂದೆ ಕತೆ ಹೇಳುತ್ತಾ ಕೂರುತ್ತಿದ್ದೆವು. ಲೂಲಿಯೋದಲ್ಲೂ ಮೊಮ್ಮಕ್ಕಳಿಗೆ ದಿನಾ ಸಂಜೆ ಒಂದು ಕತೆ ಹೇಳುತ್ತೇನೆ. ಅಲ್ಲಿ ನನ್ನ ಮಾತಿಗೆ ಕಾಯುವವರಿದ್ದಾರೆ. ಇಲ್ಲಿ ಅವರ ಅಪ್ಪ ಅಮ್ಮ ಇದ್ದಾಗ ಟ್ಯೂಷನ್ನು, ಬಸ್ಸು, ಹೋಮ್‌ವರ್ಕು ಅಂತ ಮಕ್ಕಳು ಕೈಗೇ ಸಿಗುತ್ತಿರಲಿಲ್ಲ.

ಬೆಂಗಳೂರಿನಿಂದ, ಕೇಳಿದವರು

ಓದುತ್ತಾ ಕಣ್ಣು ತುಂಬಿಬಂತು. ಎಲ್ಲರಿಗೂ ಧನ್ಯವಾದ. ಇವರು ಅಕ್ಟೋಬರ್‌ನಲ್ಲೇ ಕೆಲಸಕ್ಕೆ ಸೇರಬೇಕಂತೆ. ನಾನೂ ಮಕ್ಕಳೂ ಜೊತೆಗೇ ಬರುವುದೋ, ಆಮೇಲೋ?

ಔಲುವಿನಿಂದ

ಆಮೇಲೆ ಬಾ ತಂಗಿ. ತೀರ್ಥಹಳ್ಳಿಯ ಅಮ್ಮ ಹೇಳಿದ ಫೆಬ್ರವರಿಯೇ ನಿನಗೂ ಸರಿ. ಅಕ್ಟೋಬರ್‌ನಲ್ಲಿ ಬಂದರೆ ಕಾಲಿಟ್ಟ ಕೂಡಲೇ ನವೆಂಬರ್ ಎದುರಾಗುತ್ತದೆ, ಮನೆಯಲ್ಲಿ ಇನ್ನೂ ಚಮಚವೂ ಇರುವುದಿಲ್ಲ. ಅವರು ಮೊದಲು ಬಂದು ಮನೆ ಹುಡುಕಲಿ, ವಿಳಾಸ ನೋಂದಾಯಿಸಲಿ. ಡೇಕೇರಿಗೆ ಸಾಮಾನ್ಯವಾಗಿ ನಾಲ್ಕು ತಿಂಗಳು ಮುಂಚೆ ಅರ್ಜಿ ಹಾಕಬೇಕು, ಆ ಲೆಕ್ಕ ನೋಡಿಕೊಳ್ಳಲಿ. ನೀನು ಬಂದ ಮರುವಾರಗಳಲ್ಲೇ ಶಾಲೆಗಳಿಗೆ ಸ್ಕೀ ರಜೆ ಬರುತ್ತದೆ, ಮಗಳಿಗೆ ನಮ್ಮ ಮಕ್ಕಳ ಜೊತೆ ದಿಬ್ಬದ ಮೇಲಿಂದ ಜಾರಿ ಅಭ್ಯಾಸವಾಗಲಿ.

ಅಷ್ಟು ದಿನ ಅಪ್ಪ ಇಲ್ಲದೆ ಮಕ್ಕಳು ಹೇಗೆ ಅನ್ನುತ್ತೀಯ. ಚಳಿಗಾಲದಲ್ಲಿ ಇಲ್ಲಿಗೂ ಅಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ ಎಂಟಾದಾಗ ಇಲ್ಲಿ ಸಂಜೆ ನಾಲ್ಕೂವರೆ, ಅವರ ಆಫೀಸು ಬಿಟ್ಟಿರುತ್ತದೆ. ಮಕ್ಕಳು ಮಲಗುವ ಮುಂಚೆ ಫೋನಿನಲ್ಲಿ ದಿನಾ ಸಿಗಬಹುದು.

ಬಟ್ಟೆ ಅಲ್ಲಿ ಕೊಳ್ಳಬೇಡ. ಇಲ್ಲಿ ಕಿರ್ಪಿಸ್ ಅನ್ನುವ ಹಳೆ ಸಾಮಾನಿನ ಅಂಗಡಿಗಳಲ್ಲಿ ಮಕ್ಕಳ ಚಳಿಬಟ್ಟೆ ಒಳ್ಳೆಯದೇ ಸಿಗುತ್ತದೆ. ಬೂಟು ಒಂದು ಅಳತೆ ದೊಡ್ಡದಿರಲಿ, ಉಣ್ಣೆಯ ಕಾಲುಚೀಲ ಹಿಡಿಯಬೇಕು. ದೋಸೆ ಕಾವಲಿ ಇಂಡಕ್ಷನ್ನಿಗೆ ಆಗುವಂಥದ್ದು ತಾ, ಕುಕ್ಕರಿನ ಗ್ಯಾಸ್ಕೆಟ್ ನಾಲ್ಕು ಹೆಚ್ಚಿಗೆ ತಾ. ಮಗಳ ಎತ್ತರ ಎಷ್ಟು ಸೆಂಟಿಮೀಟರ್ ಅಂತ ಅಳೆದು ಹೇಳು, ನನ್ನ ಮಗಳಿಗೆ ಗಿಡ್ಡವಾದ ಹಾಲರಿ ಒಂದು ಎತ್ತಿಟ್ಟಿದ್ದೇನೆ.